ಕನ್ಹೇರಿ ಬೆಟ್ಟಕ್ಕೆ ಹೊರಡುವ ಮುನ್ನ



ಭಾನುವಾರ ಬೆಳಿಗ್ಗೆ ನಮ್ಮ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಇಡ್ಲಿ ಬೇಯುತ್ತಿರುತ್ತದೆ ಅಂತ ನಿಮ್ಮಲ್ಲಿ ಹಲವರು ಪತ್ರದಲ್ಲಿ ಬರೆದಿದ್ದೀರಿ. ಇವತ್ತಿನ ಮಾತು ಆ ಇಡ್ಲಿಯನ್ನು ಡಬ್ಬಿಗೆ ತುಂಬಿಸಿಕೊಂಡು ಹೊರಗೆ ಹೊರಡುವುದರ ಬಗ್ಗೆ. ದೂರ ಏನಲ್ಲ, ಬೊರಿವಲಿ. ಮೇಲೆ ಹತ್ತುವುದೂ ಹೆಚ್ಚೇನಲ್ಲ. ಮುಖ್ಯ ಗೇಟಿನಿಂದ ಕನ್ಹೇರಿ ಗುಹೆಗಳ ಬುಡದವರೆಗೆ ಆರೇಳು ಕಿಲೋಮೀಟರ್ ಡಾಂಬರು ರಸ್ತೆ, ಆಮೇಲೆ ಕಲ್ಲಿನ ಮೆಟ್ಟಿಲು. ನಡೆಯುವವರು ನಡೆಯಬಹುದು, ಸೈಕಲ್ ತುಳಿಯುವವರು ತುಳಿಯಬಹುದು, ಎರಡೂ ಆಗದವರಿಗೆ ಬಸ್ಸಿದೆ.

ಇಷ್ಟು ಸುಲಭದ ಜಾಗಕ್ಕೆ ಯೋಜನೆ ಯಾಕೆ ಬೇಕು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಫಲ ಏನಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಅಪ್ಪ ಕೊಡಚಾದ್ರಿ ಬುಡದ ಊರಿನವರು. 1952ರಲ್ಲಿ ಹುಟ್ಟಿದವರು, ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಈ ಕತೆ ನಿಮ್ಮ ಮನೆಯಲ್ಲೂ ಒಂದಿರುತ್ತದೆ, ಹಾಗಾಗಿ ಉದ್ದ ಮಾಡುವುದಿಲ್ಲ. ಕೊನೆಗೆ ಒಂದು ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ನಿಂತೇ ದುಡಿದರು. ನಾವು ಕಾಂದಿವಲಿಗೆ ಬಂದ ಮೇಲೆ ಕಟ್ಟಡದ ಟೆರೇಸಿನಿಂದ ಪೂರ್ವಕ್ಕೆ ಕಾಣುವ ಹಸಿರು ಗುಡ್ಡದ ಸಾಲನ್ನು ನೋಡಿ, "ಅಲ್ಲಿ ಹತ್ತಲಿಕ್ಕೆ ದಾರಿ ಉಂಟಾ?" ಅಂತ ಆಗಾಗ ಕೇಳುತ್ತಿದ್ದರು. ಚಿಕ್ಕಂದಿನಲ್ಲಿ 1343 ಮೀಟರಿನ ಕೊಡಚಾದ್ರಿಯನ್ನು ಬರಿಗಾಲಲ್ಲಿ ಹತ್ತಿ ಇಳಿದವರಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅತಿ ಎತ್ತರದ ಜಾಗ, ಅಂದರೆ 468 ಮೀಟರಿನ ಜಾಂಭೂಳಮಾಳ, ಏನು ಲೆಕ್ಕ? ಕನ್ಹೇರಿಯಂತೂ ಅದಕ್ಕಿಂತ ತಗ್ಗಿನಲ್ಲಿದೆ.

2023ರ ಅಕ್ಟೋಬರಿನ ಒಂದು ಭಾನುವಾರ ಹೊರಟೆವು. ಪೂರಿ ಬಾಜಿ ತಿಂದು, ಲೋಕಲ್ ಹಿಡಿದು, ಬೊರಿವಲಿಯಲ್ಲಿ ಇಳಿದು ಗೇಟಿಗೆ ಬಂದಾಗ ಗಂಟೆ ಹನ್ನೊಂದು. ಬಸ್ಸಿಗೆ ಹನುಮಂತನ ಬಾಲದಂತಹ ಕ್ಯೂ. ಬಾಡಿಗೆ ಸೈಕಲ್ ಅಷ್ಟೂ ಹೊರಟುಹೋಗಿದ್ದವು. "ಆರು ಕಿಲೋಮೀಟರ್ ತಾನೆ, ನಡೆಯೋಣ" ಅಂದವಳು ನಾನೇ. ನಾಲ್ಕು ಜನಕ್ಕೆ ಒಂದೇ ಬಾಟಲಿ ನೀರು. ಅಪ್ಪನ ಕಾಲಲ್ಲಿ ದಿನಾ ಹಾಕುವ ಚರ್ಮದ ಚಪ್ಪಲಿ. ಮುಂಬಯಿಯ ಅಕ್ಟೋಬರ್ ಬಿಸಿಲು ನಿಮಗೆ ಗೊತ್ತಲ್ಲ? ಮಳೆ ಹೋಗಿರುತ್ತದೆ, ಆದರೆ ಹಬೆ ಉಳಿದಿರುತ್ತದೆ.

ಅರ್ಧಕ್ಕಿಂತ ಹೆಚ್ಚು ದಾರಿ ದಾಟಿದ್ದೆವು. ಅಪ್ಪ ರಸ್ತೆ ಪಕ್ಕದ ಮೋಟುಗೋಡೆಯ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು, ಅಂಗಿ ಪೂರ್ತಿ ಒದ್ದೆ. "ಇನ್ನ್ ನಂಗ್ ಆತಿಲ್ಲೆ ಮಗಾ" ಅಂದರು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಮನುಷ್ಯ. ನಮ್ಮ ಬಾಟಲಿ ಆಗಲೇ ಖಾಲಿ. ಸ್ವಲ್ಪ ಮುಂದೆ ಬುಟ್ಟಿಯಲ್ಲಿ ಸೌತೆಕಾಯಿ ಇಟ್ಟುಕೊಂಡು ಕೂತಿದ್ದ ಒಬ್ಬ ಆದಿವಾಸಿ ಹೆಂಗಸು ತಾನಾಗಿ ಎದ್ದು ಬಂದು ತನ್ನ ಕುಡಿಯುವ ನೀರು ಕೊಟ್ಟಳು, ಸೌತೆಕಾಯಿ ಸೀಳಿ ಉಪ್ಪು ಹಚ್ಚಿ ಕೈಗಿತ್ತಳು. ದುಡ್ಡು ಕೊಡಲು ಹೋದರೆ ಸೌತೆಕಾಯಿಗೆ ಮಾತ್ರ ತೆಗೆದುಕೊಂಡಳು. ಕೆಳಗೆ ಹೋಗುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡೆವು.

ಬಿಸಿಲು ಮತ್ತು ನೀರಿಲ್ಲದ್ದಷ್ಟೇ ಕಾರಣ, ಬೇರೆ ಏನೂ ಇಲ್ಲ ಅಂದರು ಡಾಕ್ಟರು. ದೇಹ ಎರಡು ದಿನಕ್ಕೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಇನ್ನೊಂದು. ಅಲ್ಲಿಂದ ಮುಂದೆ ಅಪ್ಪ ಎಲ್ಲಿಗೆ ಕರೆದರೂ "ನಾ ಬತ್ತಿಲ್ಲೆ, ನಿಮ್ಗೆಲ್ಲ ತೊಂದರೆ" ಅನ್ನತೊಡಗಿದರು. ಸಂಜೆಯ ವಾಕ್ ನಿಂತಿತು. ಟೆರೇಸಿಗೆ ಹೋಗುವುದೂ ನಿಂತಿತು. ತನಗೆ ವಯಸ್ಸಾಯಿತು ಅನ್ನುವ ತೀರ್ಮಾನಕ್ಕೆ ಅವರು ಆ ಮೋಟುಗೋಡೆಯ ಮೇಲೆ ಕೂತಾಗಲೇ ಬಂದಿದ್ದರು. ತಪ್ಪು ನನ್ನದು, ಶಿಕ್ಷೆ ಅವರಿಗೆ.

ಇನ್ನೊಮ್ಮೆ ಕರೆದುಕೊಂಡು ಹೋಗಲು ಒಂದು ವರ್ಷಕ್ಕೂ ಮೇಲೆ ಬೇಕಾಯಿತು. ಆ ಸಲ ನಾನು ಮಾಡಿಕೊಂಡ ತಯಾರಿಯನ್ನೇ ನಿಮಗೆ ಹೇಳುತ್ತಿರುವುದು.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಸೋಮವಾರ ಉದ್ಯಾನಕ್ಕೂ ಗುಹೆಗಳಿಗೂ ರಜೆ. ಭಾನುವಾರ ಜಾತ್ರೆ. ಶನಿವಾರ ಬಿಡುವಿದ್ದರೆ ಶನಿವಾರವೇ ಒಳ್ಳೆಯದು, ವಾರದ ನಡುವೆ ಒಂದು ರಜೆ ಹಾಕಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ತಿಂಗಳುಗಳಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿ. ಮಳೆಗಾಲದಲ್ಲಿ ಕಾಡು ನೋಡಲು ಚಂದ, ಬಂಡೆಗಳ ಮೇಲೆ ನೀರು ಹರಿಯುತ್ತದೆ, ಆದರೆ ಮೆಟ್ಟಿಲೆಲ್ಲ ಪಾಚಿ ಕಟ್ಟಿರುತ್ತದೆ. ಮೊಣಕಾಲು ಗಟ್ಟಿಯಿದ್ದವರು ಹೋಗಿಬರಲಿ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವ ಕಾಲ ಅದಲ್ಲ. ಏಪ್ರಿಲ್, ಮೇ ತಿಂಗಳಿನಲ್ಲಿ ಬಂಡೆ ಕಾದ ಹೆಂಚಾಗಿರುತ್ತದೆ.

ಅಂದ ಹಾಗೆ, ಈ ಕಾಲದ ಲೆಕ್ಕ ನನ್ನದೊಬ್ಬಳದೇ ಅಲ್ಲ. ಕನ್ಹೇರಿಯ 90ನೇ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. ಇರಾನಿನ ಕಡೆಯಿಂದ ಬಂದ ಪಾರ್ಸಿಗಳು ಈ ಗುಹೆಗಳನ್ನು ನೋಡಲು ಬಂದು ತಮ್ಮ ಹೆಸರು, ಬಂದ ದಿನ ಎಲ್ಲ ಕೆತ್ತಿ ಹೋಗಿದ್ದಾರೆ. ಆ ತಾರೀಕುಗಳು 1009ರ ಅಕ್ಟೋಬರ್, 1009ರ ನವೆಂಬರ್ ಮತ್ತು 1021ರ ಅಕ್ಟೋಬರ್. ನೋಡಿ, ಸಾವಿರ ವರ್ಷದ ಹಿಂದಿನ ಪ್ರವಾಸಿಗಳೂ ಮಳೆ ನಿಂತ ಮೇಲೇ ಬಂದಿದ್ದರು! ಅವರು ಕೆತ್ತಿದ್ದು ಇವತ್ತು ಇತಿಹಾಸವಾಗಿದೆ. ನೀವು ಕೆತ್ತಿದರೆ ದಂಡ ಬೀಳುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನು ಹೊತ್ತು. ಬೆಳಗಿನ ಏಳೂವರೆಗೆ ಗೇಟಿನ ಮುಂದೆ ನಿಂತಿರಬೇಕು ಅನ್ನುವುದು ನನ್ನ ಒಂದೇ ಹಟ. ಬಿಸಿಲೇರುವ ಮುಂಚೆ ಮೇಲೆ ತಲುಪಬೇಕು, ಹನ್ನೊಂದಕ್ಕೆ ಇಳಿಯಲು ಶುರುಮಾಡಬೇಕು. ನಾವು ಹಿಂದಿನ ಸಲ ಹತ್ತಲು ಶುರುಮಾಡಿದ ಹೊತ್ತದು. ಗುಹೆಗಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ ಇರುತ್ತದೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಉದ್ಯಾನದ ಗೇಟು ತೆರೆದ ಹೊತ್ತಿಗೇ ಮೇಲಿನ ಟಿಕೆಟ್ ಕಿಟಕಿಯೂ ತೆರೆದಿರುತ್ತದೆ ಅಂತ ನಂಬಿಕೊಳ್ಳಬೇಡಿ. ಮೊದಲ ಬಸ್ಸು ಎಷ್ಟಕ್ಕೆ, ಕೊನೆಯ ಬಸ್ಸು ಎಷ್ಟಕ್ಕೆ, ಕಿಟಕಿ ಎಷ್ಟಕ್ಕೆ, ಈ ಮೂರನ್ನೂ ಗೇಟಿನಲ್ಲೇ ಕೇಳಿಕೊಂಡು ಒಳಗೆ ಹೋಗಿ.

ಅಲ್ಲಿಗೆ ಹೋಗುವ ದಾರಿ ಈಗ ಮೊದಲಿಗಿಂತ ಸುಲಭವಾಗಿದೆ. 2022ರ ಏಪ್ರಿಲಿನಲ್ಲಿ ಶುರುವಾದ ಮೆಟ್ರೋ 7ರಲ್ಲಿ "ರಾಷ್ಟ್ರೀಯ ಉದ್ಯಾನ" ಅಂತಲೇ ಒಂದು ನಿಲ್ದಾಣವಿದೆ. ಅಂಧೇರಿ, ಗೋರೆಗಾಂವ್ ಕಡೆಯ ಪೂರ್ವದವರಿಗೆ ಅದೇ ಅನುಕೂಲ. ಲೋಕಲಿನಲ್ಲಿ ಬರುವವರು ಬೊರಿವಲಿ ಪೂರ್ವಕ್ಕೆ ಇಳಿದರೆ ನಡೆದೇ ಬರಬಹುದು, ಇಲ್ಲವೆಂದರೆ ರಿಕ್ಷಾ. ಆದರೆ ನನ್ನ ಸಲಹೆ, ಇಲ್ಲಿ ನಡೆಯಬೇಡಿ. ಕಾಲನ್ನು ಒಳಗಿನ ದಾರಿಗೆ ಉಳಿಸಿಕೊಳ್ಳಿ.

ಸೈಕಲ್ ವಿಷಯಕ್ಕೆ ಬರೋಣ, ಏಕೆಂದರೆ ಪತ್ರ ಬರೆಯುವ ಹುಡುಗರು ಕೇಳುವುದು ಇದನ್ನೇ. ಸ್ವಂತ ಸೈಕಲನ್ನು ಜನ ತುಂಬಿದ ಲೋಕಲಿಗೆ ಹತ್ತಿಸುವ ಆಲೋಚನೆ ಬಿಡಿ. ಮೆಟ್ರೋ 2ಎ ಮತ್ತು 7ರಲ್ಲಿ ಸೈಕಲ್ ಒಯ್ಯಲು ಅವಕಾಶ ಕೊಟ್ಟಿದ್ದಾರೆ, ಬೆಳಗಿನ ಹೊತ್ತು ಜನವೂ ಕಡಿಮೆ. ಉದ್ಯಾನದಲ್ಲಿ ಬಾಡಿಗೆ ಸೈಕಲಿನ ವ್ಯವಸ್ಥೆಯಿದೆ, ಆದರೆ ಎಲ್ಲವೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ತೆಗೆದುಕೊಳ್ಳುವಾಗ ಎರಡೂ ಬ್ರೇಕು ಹಿಡಿದು ನೋಡಿ, ಚೈನು ಜಾರುತ್ತದೆಯೇ ನೋಡಿ, ಸೀಟು ನಿಮ್ಮ ಎತ್ತರಕ್ಕೆ ಸರಿಮಾಡಿಸಿಕೊಳ್ಳಿ. ಅಲ್ಲೇ ಒಂದು ಸುತ್ತು ಹೊಡೆದು ನೋಡಿ. ನಾಚಿಕೆ ಬೇಡ. ರಸ್ತೆ ಮೊದಲು ಸಮತಟ್ಟಾಗಿರುತ್ತದೆ, ನಡುವೆ ಏರಿಳಿತ, ಗುಹೆ ಹತ್ತಿರವಾದಂತೆ ಏರು ಜಾಸ್ತಿ. ಕೊನೆಯ ಏರಿನಲ್ಲಿ ಇಳಿದು ತಳ್ಳಿದರೆ ಯಾರ ಮಾನವೂ ಹೋಗುವುದಿಲ್ಲ. ಅಭ್ಯಾಸವಿಲ್ಲದವರಿಗೂ ಅಲ್ಲಲ್ಲಿ ನಿಂತು ಹೋದರೆ ಸುಮಾರು ಒಂದು ಗಂಟೆ.

ಅಪಾಯ ಇರುವುದು ಬರುವಾಗ. ಹತ್ತುವಾಗ ಸುಸ್ತಾಗಿರುತ್ತದೆ, ಇಳಿಯುವಾಗ ಗಾಳಿ ಮುಖಕ್ಕೆ ಹೊಡೆದಂತೆ ಹುರುಪು ಬರುತ್ತದೆ. ತಿರುವಿನಲ್ಲಿ ಬಸ್ಸು ಎದುರಾಗುತ್ತದೆ, ಜಿಂಕೆ ಅಡ್ಡ ಬರುತ್ತದೆ, ಮಂಗ ರಸ್ತೆ ಮಧ್ಯೆಯೇ ಸಭೆ ಕೂಡಿರುತ್ತದೆ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತುತ್ತಾ ಬನ್ನಿ. ಹೆಲ್ಮೆಟ್ ಮನೆಯಿಂದಲೇ ತನ್ನಿ. ಡಾಂಬರು ರಸ್ತೆ ಬಿಟ್ಟು ಸೈಕಲನ್ನು ಕಾಡಿನ ಕಾಲುದಾರಿಗೆ ಇಳಿಸಬೇಡಿ. ಶಿಲೋಂಡಾದಂತಹ ಒಳದಾರಿಗಳಿಗೆ ಉದ್ಯಾನದ ನಿಸರ್ಗ ಮಾಹಿತಿ ಕೇಂದ್ರದ ಅನುಮತಿ ಬೇಕು, ಮಾರ್ಗದರ್ಶಿಯ ಜೊತೆ ಕಾಲ್ನಡಿಗೆಯಲ್ಲೇ ಹೋಗಬೇಕು.

ಕಾರಣ ನಿಮಗೇ ಗೊತ್ತು. ಇದು ಚಿರತೆಗಳ ಮನೆ. ಸುಮಾರು 104 ಚದರ ಕಿಲೋಮೀಟರಿನ ಕಾಡು, ಸುತ್ತ ಕೋಟಿಗಟ್ಟಲೆ ಜನರ ಊರು. ಒಳಗಿರುವ ವಿಹಾರ್ ಮತ್ತು ತುಳಸಿ ಕೆರೆಗಳು 19ನೇ ಶತಮಾನದಲ್ಲಿ ಮುಂಬಯಿಗೆ ಕುಡಿಯುವ ನೀರಿಗಾಗಿಯೇ ಕಟ್ಟಿದಂಥವು. ಈಗಲೂ ಆ ನೀರು ಊರಿಗೆ ಬರುತ್ತಿದೆ. 2004ರಲ್ಲಿ ಕಾಡಿನ ಅಂಚಿನಲ್ಲಿ ಚಿರತೆ ದಾಳಿಗಳು ಹೆಚ್ಚಿ ಎಲ್ಲರೂ ಹೆದರಿದ್ದರು. ಆಮೇಲೆ ಜನರಿಗೂ ಅರಣ್ಯ ಇಲಾಖೆಗೂ ಬಂದ ತಿಳಿವಳಿಕೆ ಸರಳವಾದದ್ದು. ಕಸ ಎಸೆದರೆ ನಾಯಿ ಬರುತ್ತದೆ, ನಾಯಿ ಹಿಂದೆ ಚಿರತೆ ಬರುತ್ತದೆ. ಹಗಲು ಹೊತ್ತು ಜನ ಓಡಾಡುವ ರಸ್ತೆಯಲ್ಲಿ ಹೆದರಬೇಕಾಗಿಲ್ಲ. ಆದರೆ ಕತ್ತಲಾಗುವ ಮುಂಚೆ ಗೇಟು ದಾಟಿ ಹೊರಗಿರಬೇಕು, ಚಿಕ್ಕ ಮಕ್ಕಳನ್ನು ಮುಂದೆ ಓಡಲು ಬಿಡಬಾರದು, ಪೊದೆಯ ಮರೆಗೆ ಒಬ್ಬರೇ ಹೋಗಿ ಕುಕ್ಕರಗಾಲಲ್ಲಿ ಕೂರಬಾರದು. ಶೌಚಾಲಯ ಎಲ್ಲಿದೆ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಇದನ್ನು ರೇಡಿಯೋದಲ್ಲಿ ಹೇಳಲು ಸಂಕೋಚ, ಆದರೆ ಹೇಳಲೇಬೇಕು.

ಚಿರತೆಗಿಂತ ನಿಮಗೆ ಖಂಡಿತ ಎದುರಾಗುವುದು ಮಂಗ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅದರ ಪಾಲಿಗೆ ಅದು ಊಟದ ಕರೆ. ತಿಂಡಿ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಬೆನ್ನ ಚೀಲದಲ್ಲಿ, ಚೀಲದ ಜಿಪ್ ಹಾಕಿರಲಿ. ನೀರು ತಲಾ ಒಂದೂವರೆ ಲೀಟರಾದರೂ ಬೇಕು. ನಾನು ಜೊತೆಗೆ ಪುನರ್ಪುಳಿ ಪಾನಕ ಒಯ್ಯುತ್ತೇನೆ, ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿ. ಮಾತ್ರೆ ತೆಗೆದುಕೊಳ್ಳುವವರು ಆ ದಿನದ ಮಾತ್ರೆ ನುಂಗಿಯೇ ಹೊರಡಲಿ, ಒಂದೆರಡು ಹೆಚ್ಚಿಗೆ ಜೇಬಿನಲ್ಲಿರಲಿ. ಚಪ್ಪಲಿ ಬೇಡ, ಹಿಡಿತವಿರುವ ಬೂಟು. ಹೊಸ ಬೂಟನ್ನು ಅವತ್ತೇ ಮೊದಲ ಸಲ ಹಾಕಿಕೊಂಡು ಬರಬೇಡಿ.

ಇಷ್ಟೆಲ್ಲ ಪಟ್ಟಿ ಮಾಡಿಕೊಂಡ ಮೇಲೂ ಅಪ್ಪನನ್ನು ಒಪ್ಪಿಸುವುದು ಬಾಕಿ ಇತ್ತು. ನೆರವಿಗೆ ಬಂದವನು ಅಮೋಘವರ್ಷ ನೃಪತುಂಗ.

ನಗಬೇಡಿ. ಬಿ.ಎ.ಯಲ್ಲಿ ಕವಿರಾಜಮಾರ್ಗ ಓದುವಾಗ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತು ಅನ್ನುವುದನ್ನು ಪರೀಕ್ಷೆಗಾಗಿ ಉರುಹೊಡೆದವಳು ನಾನು. ಅದೇ ನೃಪತುಂಗನ ಹೆಸರು ಬೊರಿವಲಿಯ ಈ ಗುಡ್ಡದ ಕಲ್ಲಿನಲ್ಲಿದೆ ಅಂತ ಆಮೇಲೆ ತಿಳಿಯಿತು. ಮಳಖೇಡದಿಂದ ಆಳುತ್ತಿದ್ದ ಈ ರಾಷ್ಟ್ರಕೂಟ ದೊರೆಗೆ ಕೊಂಕಣದ ಶಿಲಾಹಾರರು ಸಾಮಂತರಾಗಿದ್ದರು. ಅವನ ಆಳ್ವಿಕೆಯನ್ನು ಹೇಳುವ 9ನೇ ಶತಮಾನದ ಸಂಸ್ಕೃತ ಶಾಸನಗಳು ಕನ್ಹೇರಿಯಲ್ಲಿವೆ. ಒಂದರ ಕಾಲ ಶಕ 775, ಅಂದರೆ ಕ್ರಿ.ಶ. 853ರ ಆಸುಪಾಸು, ಇನ್ನೊಂದರದು ಶಕ 799. ಗೌಡ ದೇಶದಿಂದ, ಅಂದರೆ ಇಂದಿನ ಬಂಗಾಳದ ಕಡೆಯಿಂದ ಬಂದ ಒಬ್ಬ ಬೌದ್ಧ ಭಕ್ತ ಇಲ್ಲಿನ ಭಿಕ್ಷುಗಳಿಗಾಗಿ 100 ದ್ರಮ್ಮಗಳ ದತ್ತಿ ಇಟ್ಟ ಸಂಗತಿ ಅಲ್ಲಿ ಬರುತ್ತದೆ. ಅದಕ್ಕೂ ಹಳೆಯ ಬರಹಗಳಲ್ಲಿ ಕಲ್ಯಾಣ, ಸೋಪಾರದಿಂದ ಬಂದ ದಾನಿಗಳ ಹೆಸರಿದೆ. ನೀವು ಲೋಕಲಿನಲ್ಲಿ ಕೇಳುವ ಕಲ್ಯಾಣ, ನಾಲಾಸೋಪಾರವೇ.

"ಕನ್ನಡದ ದೊರೆಯ ಕಾಲದ ಶಾಸನ ಉಂಟಂತೆ, ಬಂಗಾಳದಿಂದ ಬಂದವನೇ ಹತ್ತಿದ್ದಾನೆ, ನೀವು ಕಾಂದಿವಲಿಯಿಂದ ಬರುವುದಿಲ್ಲ ಅಂದ್ರೆ ಹ್ಯಾಗೆ ಅಪ್ಪ?" ಅಂದೆ. ರಾತ್ರಿಶಾಲೆಯಲ್ಲಿ ಇತಿಹಾಸದಲ್ಲಿ ಮೊದಲಿಗರಾಗಿದ್ದವರು ಅವರು. "ಬಸ್ಸಲ್ಲಾದ್ರೆ ಬತ್ತೆ" ಅಂದರು.

2024ರ ಡಿಸೆಂಬರಿನ ಒಂದು ಶನಿವಾರ. ನಮ್ಮವರೂ ಐದನೇ ಕ್ಲಾಸಿನ ಮಗನೂ ಸೈಕಲ್ ತೆಗೆದುಕೊಂಡರು. ಅಪ್ಪ ಮತ್ತು ನಾನು ಬಸ್ಸು. ಒಳಗೆ ಕೆಲವು ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಗುಹೆಗಳ ಟಿಕೆಟ್ ಕಿಟಕಿಯ ಹತ್ತಿರ ಸೇರುವುದು ಅಂತ ಮೊದಲೇ ಮಾತಾಗಿತ್ತು. ಇದನ್ನು ನೀವೂ ಮಾಡಿ. ಗುಂಪಿನಲ್ಲಿ ಎಲ್ಲರೂ ಒಂದೇ ರೀತಿ ಹೋಗಬೇಕು ಅಂತ ಹಟ ಹಿಡಿದರೆ ಒಬ್ಬರಲ್ಲ ಒಬ್ಬರಿಗೆ ಅದು ಶಿಕ್ಷೆಯಾಗುತ್ತದೆ.

ಮೇಲೆ ನೂರಕ್ಕೂ ಹೆಚ್ಚು ಗುಹೆಗಳಿವೆ. ಒಂದೇ ದಿನಕ್ಕೆ ಎಲ್ಲ ನೋಡುವ ಆಸೆ ಬೇಡ. ಮೊದಲು 3ನೇ ಗುಹೆ, ದೊಡ್ಡ ಚೈತ್ಯ. ಅದರ ಮುಂದಿನ ಪಡಸಾಲೆಯ ಎರಡು ಬದಿಯಲ್ಲಿ ನಿಂತ ಬುದ್ಧರು ಏಳು ಮೀಟರಿನಷ್ಟು ಎತ್ತರ. ಒಳಗೆ ಕಂಬಗಳ ನಡುವೆ ಸ್ತೂಪ, ತಂಪು, ಮೌನ. ಅಲ್ಲಿಂದ 11ನೇ ಗುಹೆ, ದರ್ಬಾರ್ ಅನ್ನುತ್ತಾರೆ, ನೆಲದಲ್ಲೇ ಉದ್ದಕ್ಕೆ ಕಡೆದ ಕಲ್ಲಿನ ಜಗಲಿಗಳಿವೆ. ವಯಸ್ಸಾದವರಿಗೆ ಇಷ್ಟಾದರೆ ಧಾರಾಳ ಸಾಕು. ಕಾಲಲ್ಲಿ ಕಸುವಿದ್ದವರು ಮೆಟ್ಟಿಲು ಹಿಡಿದು ಮೇಲಕ್ಕೆ ಹೋಗಲಿ.

ಅಪ್ಪ ಹೆಚ್ಚು ಹೊತ್ತು ನಿಂತು ನೋಡಿದ್ದು ಮೂರ್ತಿಗಳನ್ನಲ್ಲ, ನೀರಿನ ತೊಟ್ಟಿಗಳನ್ನು. ಬಹುತೇಕ ಪ್ರತಿ ಗುಹೆಯ ಬಾಗಿಲ ಬದಿಗೆ ಬಂಡೆಯಲ್ಲೇ ಕೊರೆದ ತೊಟ್ಟಿ, ಮೇಲಿನ ಇಳಿಜಾರಿನಿಂದ ಮಳೆನೀರು ಅಲ್ಲಿಗೇ ಬಂದು ಬೀಳುವಂತೆ ಸಣ್ಣ ಕಾಲುವೆ. ಮಳೆಗಾಲದಲ್ಲಿ ಹಿಡಿದದ್ದು ಬೇಸಿಗೆಗೆ. "ಕ್ಯಾಂಟೀನಿನಲ್ಲಿ ನಳ ಬರುವ ಮುಂಚೆ ನಾಲ್ಕು ಗಂಟೆಗೆ ಎದ್ದು ಡ್ರಮ್ ತುಂಬಿಸಿದವನಿಗೆ ಗೊತ್ತು ಇದರ ಬೆಲೆ" ಅಂದರು. ನೀರಿಲ್ಲದೆ ಬೆಟ್ಟಕ್ಕೆ ಕರೆತಂದ ಮಗಳಿಗೆ ಅದು ತಾಗಬೇಕಾದ ಹಾಗೆ ತಾಗಿತು. ಅವರು ಹಾಗೆ ಉದ್ದೇಶಿಸಿ ಹೇಳಿದ್ದೋ ಇಲ್ಲವೋ, ನಾನು ಕೇಳಲಿಲ್ಲ.

ಇಳಿಯುವಾಗ ಬಸ್ಸಿಗೆ ಕಾಯೋಣ ಅಂದೆ. ಅಪ್ಪ ಕೇಳಲಿಲ್ಲ. ಸ್ವಲ್ಪ ದೂರ ನಡೆಯುತ್ತೇನೆ ಅಂದರು. ಇಳಿಜಾರು ಮೊಣಕಾಲಿಗೆ ಏರಿಗಿಂತ ಕಷ್ಟ, ಆದರೂ ನೆರಳಿತ್ತು, ಕೈಯಲ್ಲಿ ಕೋಲಿತ್ತು, ಬೂಟಿತ್ತು. ಹಿಂದಿನ ವರ್ಷ ಕೂತಿದ್ದ ಮೋಟುಗೋಡೆ ಬಂದಾಗ ನಾನು ಏನೂ ಮಾತಾಡಲಿಲ್ಲ. ಅವರೇ ನಿಂತು, ಅತ್ತಿತ್ತ ನೋಡಿ, "ಆ ಸೌತೆಕಾಯಿ ಹೆಂಗಸ್ ಇವತ್ತ್ ಇಲ್ಲೆ" ಅಂದರು. ಕೊಡಲೆಂದು ಚೀಲದಲ್ಲಿ ಒಂದು ಕಟ್ಟು ಗೋಳಿಬಜೆ ತಂದಿದ್ದರಂತೆ, ನನಗೂ ಹೇಳಿರಲಿಲ್ಲ.

ಠಾಣೆ ಕಡೆಯ ಕೇಳುಗರು ಬೊರಿವಲಿವರೆಗೆ ಬರಬೇಕೆಂದಿಲ್ಲ. ಇದೇ ಗುಡ್ಡದ ಪೂರ್ವ ಮಗ್ಗುಲಿನಲ್ಲಿ ನಿಮಗೆ ಯೇವೂರು ಇದೆ, ಬೆಳಗಿನ ಸೈಕಲ್ ಸವಾರರಿಗೆ ಪರಿಚಿತ ದಾರಿ. ನೀರು, ಹೊತ್ತು, ಕಸದ ನಿಯಮ ಅಲ್ಲಿಯೂ ಅದೇ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಆ ದಿನ ರಸ್ತೆಯಂಚಿನ ಇಳಿಜಾರಿನಲ್ಲಿ ಒಣಗಿ ನಿಂತ ಗಿಡಗಳ ರಾಶಿ ಕಂಡಿತು. ಕಾರ್ವಿ. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣದ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ. ಇಲ್ಲಿ 2008ರಲ್ಲಿ ಅರಳಿತ್ತು, 2016ರಲ್ಲಿ ಅರಳಿತ್ತು, 2024ರ ಮಳೆಗಾಲದ ಕೊನೆಗೆ ಅರಳಿ ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಮುಂದಿನದು 2032ರಲ್ಲಿ. ಮೆಟ್ರೋದಲ್ಲಿ ಕೂತ ಮೇಲೆ ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು.

"ಎಂಬತ್ತ್ ಆತ್ತ್ ನಂಗೆ" ಅಂದರು.

"ಬಸ್ಸಲ್ಲಿ ಹೋದ್ರಾಯ್ತು ಅಜ್ಜ" ಅಂದ ಮಗ, ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡು.